ಯೋಧ ಕತ್ತಿ ಬಿಡುವ ಹಂತ

ಕಗ್ಗದಾಸಪುರದಲ್ಲಿ ನಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಸಾಲಾಗಿ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಕೊನೆಯ ಕೋಣೆಯಲ್ಲಿ ಗುಲ್ಬರ್ಗ ಕಡೆಯ ನನ್ನ ಗೆಳೆಯನಿದ್ದ. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಅವನು ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಓಡಿಸುತ್ತಿದ್ದ. ನಾನು ಅಲ್ಲೇ ತಯಾರಾದ ಮಾಲು ಪರೀಕ್ಷಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಇಂಗ್ಲಿಷ್ ಬಂದರೆ ಮುಂದೆ ಹೋಗಬಹುದೆಂದು ಭಾನುವಾರ ಮಧ್ಯಾಹ್ನ ಇಬ್ಬರೂ ಲಿಂಗರಾಜಪುರದ ಒಬ್ಬ ನಿವೃತ್ತ ಶಿಕ್ಷಕಿಯ ಮನೆಗೆ ಹೋಗುತ್ತಿದ್ದೆವು. ಅವರನ್ನು ಮಿಸ್ ಎನ್ನುತ್ತಿದ್ದೆವು.

ಮಿಸ್ ವ್ಯಾಕರಣದ ಗೋಜಿಗೆ ಹೋಗಲಿಲ್ಲ. ಅವರ ತಮ್ಮ ಹೊರದೇಶದಿಂದ ತಂದಿದ್ದ ಒಂದು ಆಟದ ಪುಸ್ತಕವಿತ್ತು. ಮಿಸ್ ಕತೆ ಹೇಳುತ್ತಾರೆ, ಅದರೊಳಗಿನ ಒಂದೊಂದು ಪಾತ್ರವಾಗಿ ನಾವು ಏನು ಮಾಡುತ್ತೇವೆಂದು ಇಂಗ್ಲಿಷಿನಲ್ಲಿ ಹೇಳಬೇಕು; ಉಳಿದೆವೋ ಸತ್ತೆವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ; ಉಳಿದಷ್ಟೂ ಪಾತ್ರ ಒಂದೊಂದೇ ಹಂತ ಮೇಲೇರುತ್ತದೆ. ನಾನು ಸುಲಭವೆಂದು ಕಳ್ಳನ ಪಾತ್ರ ಹಿಡಿದೆ. ಗೆಳೆಯ ಮಾತ್ರ ವಾರಗಟ್ಟಲೆ ಯೋಜನೆ ಹಾಕಿದ. ಅವನಿಗೆ ಮೊದಲು ಯೋಧನಾಗಿ ಆಮೇಲೆ ಡ್ರೂಯಿಡ್ ಆಗುವವನು ಬೇಕಿತ್ತು. ಡ್ರೂಯಿಡ್ ಎಂದರೆ ಮರ, ಮಳೆ, ಪ್ರಾಣಿಗಳ ಜತೆ ಒಡನಾಡುವ ಕಾಡಿನ ಪೂಜಾರಿ.

"ಆಗ್ಬಹುದು," ಎಂದರು ಮಿಸ್. "ಆದ್ರೆ ಡ್ರೂಯಿಡ್ ಆಗೋಕೆ ವಿವೇಕದ ಅಂಕ ಹದಿನೇಳಿರ್ಬೇಕು, ಆಕರ್ಷಣೆದೂ ಹದಿನೇಳು. ಇನ್ನೊಂದು. ಒಂದ್ಸಲ ಬದಲಾದ್ಮೇಲೆ ಹಳೇ ವಿದ್ಯೆ ಮುಟ್ಟಂಗಿಲ್ಲ. ಹೊಸದ್ರಲ್ಲಿ ಹಳೇ ಹಂತ ದಾಟೋ ತನಕ ನೀನು ಬರೀ ಮರಿ ಡ್ರೂಯಿಡ್. ಜಾಸ್ತಿ ಜನ ಸಾಯೋದು ಅಲ್ಲೇಪ್ಪಾ."

ಹಾಗಾಗಿ ಯಾವ ಹಂತದಲ್ಲಿ ಕತ್ತಿ ಬಿಡಬೇಕೆಂಬುದೇ ಅವನ ದೊಡ್ಡ ಪ್ರಶ್ನೆಯಾಯಿತು. ಮೊದಲ ವಾರ ಏಳನೆಯದು ಎಂದ. ನನಗೂ ಅದು ಸರಿ ಎನಿಸಿತು. ಅಷ್ಟು ಹೊತ್ತಿಗೆ ಯೋಧನ ಮೈಯಲ್ಲಿ ಸಾಕಷ್ಟು ಪ್ರಾಣಶಕ್ತಿ ತುಂಬಿಕೊಂಡಿರುತ್ತದೆ. ಮುಂದಿನ ವಾರ ಏಳನ್ನು ಅಳಿಸಿ ಐದು ಮಾಡಿದ. ಆಮೇಲೆ ಮೂರು.

"ಮೂರಕ್ಕೇ ಬಿಟ್ರೆ ಮೊದಲ್ನೇ ತೋಳನೇ ನಿನ್ನ ತಿಂದ್ಹಾಕುತ್ತೆ ಕಣೋ," ಎಂದೆ.

"ತಿನ್ಲಿ ಬಿಡು. ಕತ್ತಿ ಹಿಡಿಯೋದು ಲಗೂನ ಮುಗೀಬೇಕು."

ನಾನು ನಕ್ಕೆ. ಆದರೆ ಅವನು ಬರೆದ ಹಾಳೆ ನೋಡಿದಾಗ ನಗು ಉಳಿಯಲಿಲ್ಲ. ಮೊದಲ ವಾರದ ಅಕ್ಷರ ದುಂಡಗಿತ್ತು. ಈಗಿನದು ಗೀರಿದ ಹಾಗಿತ್ತು. ದಾಳವನ್ನು ಎಡಗೈಯಲ್ಲಿ ಉರುಳಿಸುತ್ತಿದ್ದ. ಮಿಸ್ ಕೊಟ್ಟ ಚಹಾದ ಲೋಟ ಒಂದು ದಿನ ಅವನ ಬಲಗೈಯಿಂದ ಜಾರಿ ಒಡೆಯಿತು. ಬಿಸಿ ಚಹಾ ಬೆರಳ ಮೇಲೆಲ್ಲ ಹರಿದರೂ ಅವನು ಕೈ ಎಳೆದುಕೊಳ್ಳಲಿಲ್ಲ.

ಅಂದು ವಾಪಸು ಬರುವಾಗ ಕಗ್ಗದಾಸಪುರದ ರೈಲ್ವೆ ಗೇಟು ಹಾಕಿತ್ತು. ಕೈಗೆ ಏನಾಗಿದೆ ಎಂದು ಅಲ್ಲಿ ನಿಂತು ಕೇಳಿದೆ.

"ಎರಡು ತಿಂಗಳಾತು," ಎಂದ. "ಬೆರಳು ನನ್ನವು ಅಲ್ಲ ಅನ್ನಿಸ್ತಾವ. ಯಾರ ಮುಂದೂ ಹೇಳಬ್ಯಾಡ. ಕೆಲಸದಿಂದ ತಗೀತಾರ."

"ಮತ್ತೆ ಪ್ರೆಸ್ ಹೆಂಗ್ ಓಡಿಸ್ತೀಯ?"

ರೈಲು ಬಂತು. ಅದು ಹೋಗುವಷ್ಟರಲ್ಲಿ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ.

ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಆ ಪ್ರೆಸ್ ಕೆಳಗಿಳಿಯಬೇಕು. ಕೈಗಳು ಹೊರಗಿರಲಿ ಎಂದೇ ಆ ಏರ್ಪಾಡು. ಮರುದಿನ ನೆಪ ಮಾಡಿಕೊಂಡು ಅವನ ಹತ್ತಿರ ಹೋದೆ. ಬಲಗಡೆಯ ಗುಂಡಿಯನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ್ದ. ಎಡಗೈಯೊಂದರಲ್ಲೇ ಪ್ರೆಸ್ ಓಡುತ್ತಿತ್ತು. ಬಲಗೈ ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತು. ನಾನು ನೋಡಿದ್ದನ್ನು ಅವನೂ ನೋಡಿದ. ಎಡಗಡೆಯ ಗುಂಡಿಯನ್ನು ಮತ್ತೆ ಒತ್ತಿದ. ಆ ಇಡೀ ವಾರ ಪ್ರೆಸ್ ಬಡಿಯುವ ಸದ್ದು ನಿಂತಾಗಲೆಲ್ಲ ಕೈಯಲ್ಲಿದ್ದ ತುಂಡು ಬಿಟ್ಟು ಅವನ ಕಡೆ ನೋಡುತ್ತಿದ್ದೆ.

ಶನಿವಾರ ಅವನ ಟ್ರೇ ನನ್ನ ಮೇಜಿಗೆ ಬಂತು. ತಗಡಿನ ತುಂಡುಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದೆ. ಒಂದರಲ್ಲಿ ಬಿಳಿ ಬಟ್ಟೆ ಅಂಟಿಕೊಂಡಿತ್ತು. ಕೈಗವಸಿನ ಕಿರುಬೆರಳಿನ ತುದಿ. ಲೋಹದ ಜತೆ ಕಾಗದದಷ್ಟು ತೆಳ್ಳಗಾಗಿತ್ತು. ರಕ್ತವಿದೆಯೇ ಎಂದು ಬೆಳಕಿಗೆ ಹಿಡಿದು ಹುಡುಕಿದೆ. ಇರಲಿಲ್ಲ. ಅವನು ಆ ಹೊತ್ತಿಗೂ, ತುದಿಯಿಲ್ಲದ ಕೈಗವಸು ಹಾಕಿಕೊಂಡೇ ಕೆಲಸ ಮಾಡುತ್ತಿದ್ದ. ಅವನಿಗೆ ಗೊತ್ತೇ ಆಗಿರಲಿಲ್ಲ.

ಆ ತುಂಡನ್ನು ನೇರ ಸೂಪರ್‌ವೈಸರ್ ಮುಂದೆ ಇಟ್ಟೆ.

ಪ್ರೆಸ್ ನಿಲ್ಲಿಸಿದರು. ಗೆಳೆಯನನ್ನು ಕರೆದರು. ಗಾಜಿನ ಕ್ಯಾಬಿನ್ನಿನೊಳಗೆ ಅವನು ತಲೆ ತಗ್ಗಿಸಿ ನಿಂತದ್ದು ನನಗೆ ಕಾಣುತ್ತಿತ್ತು. ಹೊರಗೆ ಬಂದವನು ನನ್ನೆದುರು ನಿಂತ.

"ಮೊದ್ಲು ನನಗ ತೋರಿಸಬೇಕಿತ್ತಲ್ಲೋ," ಎಂದ. ಧ್ವನಿ ಏರಿಸಲಿಲ್ಲ.

ನಾನು ಟ್ರೇ ನೋಡುತ್ತಾ ಕುಳಿತೆ.

ಕತ್ತಿನ ಮೂಳೆ ನರವನ್ನು ಅದುಮುತ್ತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆಪರೇಷನ್ ಆಯಿತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಸುಧಾರಿಸಿದವು, ಕೊನೆಯ ಎರಡು ಹಾಗೇ ಉಳಿದವು. ಕೆಲಸ ಹೋಗಲಿಲ್ಲ, ಸ್ಟೋರ್ಸಿಗೆ ಹಾಕಿದರು. ಅವನು ಮಾತ್ರ ನಮ್ಮ ಕೋಣೆ ಖಾಲಿ ಮಾಡಿ ಕೆ.ಆರ್. ಪುರದ ಕಡೆ ಹೋದ. ಬೀಗದ ಕೈಯನ್ನು ಅಪ್ಪನಿಗೆ ಕೊಟ್ಟು ಹೋಗಿದ್ದ, ನಾನು ಮನೆಯಲ್ಲೇ ಇದ್ದರೂ.

ಮಿಸ್ ಹತ್ತಿರ ಒಬ್ಬನೇ ಹೋಗಿ ಎಲ್ಲ ಹೇಳಿದೆ.

"ಹೇಳಿದ್ದು ಸರಿ," ಎಂದರು. "ಆದ್ರೆ ಒಂದ್ ವಾರ ತಡ ಮಾಡ್ಬಿಟ್ಟೆ. ಬೆರಳು ಉಳಿದದ್ದು ಅದೃಷ್ಟ, ನಿನ್ನಿಂದ ಅಂತ ಮಾತ್ರ ಅಂದ್ಕೋಬೇಡ."

ಆ ಮಾತಿನಿಂದ ನನಗೆ ಬೇಸರವಾಯಿತು. ಆದರೆ ಅದು ನಿಜವಾಗಿತ್ತು.

ವರ್ಷದ ಮೇಲೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಅವನು ಎದುರಾದ. ಮದುವೆಯಾಗಿತ್ತು, ಹೆಂಡತಿ ಪಕ್ಕದಲ್ಲಿದ್ದಳು. "ಇಂವ ನಮ್ಮ ಹಳೇ ಮನಿ ಓನರ್ ಮಗ," ಎಂದು ಅವಳಿಗೆ ಹೇಳಿದ. ಗೆಳೆಯ ಎನ್ನಲಿಲ್ಲ. ಊಟ ಆಯಿತೇ, ಮನೆ ಕಡೆ ಎಲ್ಲ ಹೇಗಿದ್ದಾರೆ ಎಂದು ಕೇಳಿದ. ಅಷ್ಟರಲ್ಲಿ ಬಸ್ಸು ಬಂತು. ಹೆಂಡತಿಯನ್ನು ಮೊದಲು ಹತ್ತಿಸಿ ತಾನು ಹತ್ತಿದ. ನಾನು ಹೋಗಬೇಕಾದದ್ದೂ ಅದೇ ಬಸ್ಸಿನಲ್ಲಿ. ಅದನ್ನು ಬಿಟ್ಟು ಮುಂದಿನ ಬಸ್ಸಿಗೆ ಹೋದೆ.