ಶ್ರದ್ಧಾಂಜಲಿಯಲ್ಲಿ ನಾಲ್ಕು ತಪ್ಪು

ನೀರಿನ ಮೀಟರ್ ಓದುವ ಕೆಲಸದಲ್ಲಿ ಚಪ್ಪಲಿ ಸವೆಸಿದ ನಮ್ಮ ಸಂಪಾದಕರಿಗೆ ಕಚೇರಿಯವರು ಇಟ್ಟ ಹೆಸರು ‘ರಾಕೆಟ್’. ಹಗಲೆಲ್ಲ ಕಂಡವರ ಮನೆ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಚ್ಚಳ ಎತ್ತಿ, ಜೇಡರ ಬಲೆ ಒರೆಸಿ ಅಂಕಿ ಬರೆದುಕೊಳ್ಳುವ ಮನುಷ್ಯ, ಸಂಜೆ ಷರ್ಟು ಬಿಚ್ಚಿದೊಡನೆ ಮಂಗಳ ಗ್ರಹದಿಂದ ಆಚೆಗೇ ವಾಸ. ವೈಜ್ಞಾನಿಕ ಕಥೆಗಳ ಹುಚ್ಚು ಎಳೆಯ ವಯಸ್ಸಿನಲ್ಲಿ ಹತ್ತಿದ್ದು ಬಿಟ್ಟಿರಲೇ ಇಲ್ಲ. ಮೂರು ತಿಂಗಳಿಗೊಮ್ಮೆ ‘ಅಂತರಿಕ್ಷದ ಓಣಿ’ ಎಂಬ ಇಪ್ಪತ್ತು ಪುಟದ ಪತ್ರಿಕೆಯನ್ನು ತಾವೇ ಟೈಪು ಮಾಡಿ, ಜೆರಾಕ್ಸ್ ತೆಗೆಸಿ, ಊಟದ ಮೇಜಿನ ಮೇಲೆ ಪಿನ್ನು ಹೊಡೆದು, ನಲವತ್ತಮೂರು ಜನಕ್ಕೆ ಅಂಚೆಗೆ ಹಾಕುತ್ತಿದ್ದರು.

“ನಿನ್ನಂಥವರು ಇನ್ನೂ ನಲವತ್ಮೂರು ಜನ ಇದಾರಲ್ಲ, ಅದು ನಂಗೆ ಮಂಗಳ ಗ್ರಹಕ್ಕಿಂತ ಆಶ್ಚರ್ಯ,” ಎನ್ನುತ್ತಿದ್ದರು ಜೊತೆಯಲ್ಲೇ ಇದ್ದ ಅಕ್ಕ. ಬೈಯುತ್ತಲೇ ಲಕೋಟೆಗೆ ಗೋಂದು ಹಚ್ಚಿಕೊಡುತ್ತಿದ್ದರು.

ಪತ್ರಿಕೆಗೆ ಚಂದಾ ಇರಲಿಲ್ಲ. ಮೊದಲ ಪುಟದಲ್ಲೇ ನಿಯಮ ಅಚ್ಚಾಗಿತ್ತು: ಓದಿ ಪತ್ರ ಬರೆದವರಿಗೆ ಮುಂದಿನ ಸಂಚಿಕೆ, ಎರಡು ಸಲ ಬರೆಯದಿದ್ದರೆ ಹೆಸರು ಕಾಟು. ಹೊಗಳಬೇಕೆಂದೇನಿಲ್ಲ, ಬೈದರೂ ನಡೆಯುತ್ತಿತ್ತು.

ಬೈಯುವುದರಲ್ಲಿ ಎತ್ತಿದ ಕೈ ಒಬ್ಬರಿದ್ದರು. ದೂರದ ಊರಿನ ಗಡಿಯಾರ ರಿಪೇರಿಯವರು. ಹತ್ತೊಂಬತ್ತು ವರ್ಷದಿಂದ ಒಂದು ಸಂಚಿಕೆಯನ್ನೂ ಬಿಡದೆ, ದುಂಡಗಿನ ಅಕ್ಷರದಲ್ಲಿ ಸಂಪಾದಕರ ಬೆವರಿಳಿಸುತ್ತಿದ್ದರು. “ನಿಮ್ಮ ಕಾಲಯಾನಿ ನೂರು ವರ್ಷ ಹಿಂದಕ್ಕೆ ಹೋಗಿ ಬರುತ್ತಾನೆ, ಕೈಗಡಿಯಾರ ಮಾತ್ರ ಸರಿಯಾಗಿಯೇ ಇದೆ. ಯಾವ ಕಂಪನಿಯದು?” ಇಂಥವು. ಇಬ್ಬರೂ ಮುಖ ನೋಡಿದವರಲ್ಲ. ಆದರೂ ಒಂದು ಕಥೆ ಬರೆದ ಕೂಡಲೇ ಸಂಪಾದಕರಿಗೆ ಮೊದಲು ನೆನಪಾಗುತ್ತಿದ್ದುದು ಆ ಬೈಗುಳ.

ಒಂದು ಸಲ ಅವರಿಂದ ಪತ್ರ ಬರಲಿಲ್ಲ. ಮುಂದಿನ ಸಂಚಿಕೆ ಕಳಿಸಿದರೆ ಲಕೋಟೆ ವಾಪಸು ಬಂತು. ಮೇಲೆ ಅಂಚೆಯವನ ಕೈಬರಹ: ‘ತೀರಿಕೊಂಡಿದ್ದಾರೆ.’ ಸಂಪಾದಕರು ಅಡುಗೆಮನೆ ಬಾಗಿಲಿಗೆ ಹೋಗಿ ಅದನ್ನು ಅಕ್ಕನಿಗೆ ತೋರಿಸಿದರು. ಅಕ್ಕ ಅಂದು ಏನೂ ಬೈಯಲಿಲ್ಲ. ಸಂಪಾದಕರು ಎರಡು ಪುಟದ ಶ್ರದ್ಧಾಂಜಲಿ ಬರೆದು ಮುಂದಿನ ಸಂಚಿಕೆಯಲ್ಲಿ ಹಾಕಿ, ಪಟ್ಟಿಯಲ್ಲಿ ಆ ಹೆಸರು ಹೊಡೆದು, ‘ಮನೆಯವರಿಗೆ’ ಎಂದು ಬರೆದು ಒಂದು ಪ್ರತಿ ಆ ವಿಳಾಸಕ್ಕೂ ಹಾಕಿದರು.

ಹತ್ತು ದಿನಕ್ಕೆ ಪತ್ರ ಬಂತು. ಅದೇ ದುಂಡಗಿನ ಅಕ್ಷರ, ಅದೇ ಸಹಿ. “ನಾನು ಸತ್ತ ಸುದ್ದಿ ಓದಿದೆ. ನಾಲ್ಕು ತಪ್ಪುಗಳಿವೆ.”

ಸಂಪಾದಕರಿಗೆ ತಲೆಬುಡ ತಿಳಿಯಲಿಲ್ಲ. ಜೀವಂತ ಇರುವವರನ್ನು ಸಾಯಿಸಿಬಿಟ್ಟೆನೇ ಎಂದು ನಾಚಿಕೆ. ಅಂಚೆಯವನೇಕೆ ಸುಳ್ಳು ಬರೆದಾನು ಎಂದು ಅನುಮಾನ. ವರ್ಷಗಟ್ಟಲೆ ಇಂಥ ವಿಚಿತ್ರಗಳನ್ನೇ ಕಥೆ ಕಟ್ಟಿದವರಿಗೆ, ಒಂದು ವಿಚಿತ್ರ ತಾನಾಗಿ ಮನೆಗೆ ಬಂದಾಗ ಕೈಕಾಲೇ ಆಡಲಿಲ್ಲ.

“ಪತ್ರಿಕೆ ಬೇರೆ ಲೋಕಕ್ಕೂ ತಲುಪ್ತಿದೆ ಅನ್ನು,” ಎಂದರು ಅಕ್ಕ. “ಇಲ್ಲಿ ಕೂತು ತಲೆ ಕೆರ್ಕೊಂಡ್ರೆ ಏನು ಬಂತು? ಹೋಗಿ ನೋಡ್ಕೊಂಡು ಬಾ.”

ರಜೆ ಹಾಕಿ ಐದು ಗಂಟೆ ಬಸ್ಸಿನಲ್ಲಿ ಕೂತು ಹೋದರು. ಬಾಗಿಲು ತೆರೆದದ್ದು ದಪ್ಪ ಕಪ್ಪು ಕನ್ನಡಕ ಹಾಕಿದ್ದ ವಯಸ್ಸಾದ ಹೆಂಗಸು.

“ಯಜಮಾನ್ರು ಇದಾರಾ ಅಮ್ಮಾ?”

“ಅವ್ರು ಹೋಗಿ ಆರು ವರ್ಷ ಆಯ್ತು.”

ಸಂಪಾದಕರು ಜೇಬಿನಿಂದ ಪತ್ರ ತೆಗೆದು ತೋರಿಸಿದರು. ಆಕೆ ಅದನ್ನು ನೋಡಿ, ಅವರನ್ನು ನೋಡಿ, “ಓ, ನೀವಾ! ಒಳಗೆ ಬನ್ನಿ,” ಎಂದರು.

ಅಕ್ಷರ, ಸಹಿ ಎರಡೂ ಮೊದಲಿನಿಂದಲೂ ಆಕೆಯದೇ. ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೆಲಸ ಮಾಡುತ್ತಲೇ ಹೇಳುತ್ತಿದ್ದರು, ಈಕೆ ಬರೆಯುತ್ತಿದ್ದರು. ಅವರು ಹೋದ ಮೇಲೂ ಬರೆದರು. ಈಚೆಗೆ ಕಣ್ಣಿನ ಆಪರೇಷನ್ ಆಗಿ ಮಗಳ ಮನೆಯಲ್ಲಿದ್ದಾಗ ಒಂದು ಪತ್ರ ತಪ್ಪಿತು. ಹೊಸ ಅಂಚೆಯವನು ಪಕ್ಕದ ಮನೆಯಲ್ಲಿ ವಿಚಾರಿಸಿ ಲಕೋಟೆ ವಾಪಸು ಮಾಡಿದ.

“ಆರು ವರ್ಷ ನೀವು... ಯಾಕಮ್ಮಾ?”

“ಪತ್ರ ಬರೀದಿದ್ರೆ ಹೆಸರು ಕಾಟು ಅಂತ ನೀವೇ ಹಾಕಿದೀರಲ್ಲ!” ಆಕೆಯ ದನಿ ಏರಿತು. “ಬ್ಯಾಂಕಿನವ್ರು ತೆಗೆದ್ರು, ಅಂಗಡಿ ಬೋರ್ಡಿಂದ ತೆಗೆದ್ರು. ಅವ್ರ ಹೆಸರು ಹೊತ್ಕೊಂಡು ಈ ಮನೆಗೆ ಬರ್ತಿದ್ದಿದ್ದು ನಿಮ್ಮ ಲಕೋಟೆ ಒಂದೇ. ಈ ಸಲ ನೀವೂ ‘ಮನೆಯವರಿಗೆ’ ಅಂತ ಬರೆದ್ಬಿಟ್ರಿ.”

ಸಂಪಾದಕರ ಮುಖ ಚಿಕ್ಕದಾಯಿತು. ಆರು ವರ್ಷ ತಾವು ಜಗಳವಾಡಿದ್ದು ಯಾರೊಡನೆ? ಆ ಕೈಗಡಿಯಾರದ ಮಾತು ಅವರದೋ, ಈಕೆಯದೋ? ಕೇಳಿಯೇಬಿಟ್ಟರು.

“ಅವ್ರಿದ್ದಿದ್ರೆ ಏನು ಬೈತಿದ್ರೋ ಅದನ್ನೇ ಬರೀತಿದ್ದೆ. ಈಗೀಗ ಅದು ಅವ್ರ ಮಾತೋ, ನನ್ನದೋ, ನಂಗೇ ಗೊತ್ತಾಗಲ್ಲ.” ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. “ಮುಂದಿನ್ದು ಯಾರ ಹೆಸರಿಗೆ ಕಳಿಸ್ತೀರಿ?”

ವಾಪಸು ಬರುವ ಬಸ್ಸಿನಲ್ಲಿ ಸಂಪಾದಕರು ಅದನ್ನೇ ಲೆಕ್ಕ ಹಾಕಿದರು. ಗಡಿಯಾರದವರ ಹೆಸರು ಬರೆದರೆ ಅಂಚೆಯವನು ವಾಪಸು ಕಳಿಸುತ್ತಾನೆ, ಈಕೆಯ ಹೆಸರು ಬರೆದರೆ ಈಕೆಗೆ ಬೇಡ. ಮುಂದಿನ ಸಂಚಿಕೆಯಲ್ಲಿ ಪತ್ರವನ್ನು ನಾಲ್ಕು ತಪ್ಪುಗಳ ಪಟ್ಟಿ ಸಮೇತ ಹಾಗೇ ಅಚ್ಚು ಹಾಕಿ, ಕೆಳಗೆ ‘ತಪ್ಪಾಯಿತು’ ಎಂದಷ್ಟೇ ಬರೆದರು. ಓದುಗರೆಲ್ಲ ಏನಿದು ಎಂದು ಕಕ್ಕಾಬಿಕ್ಕಿಯಾದರು. ಹೇಗೆ ವಿವರಿಸುವುದೆಂದು ಸಂಪಾದಕರಿಗೇ ಗೊತ್ತಿದ್ದರೆ ತಾನೆ!

ನಲವತ್ತೆರಡು ಲಕೋಟೆ ಅಂಚೆಗೆ ಹೋದವು. ಉಳಿದ ಒಂದಕ್ಕೆ ಗಡಿಯಾರದವರ ಪೂರ್ತಿ ಹೆಸರು ಬರೆದು, ಸ್ಟಾಂಪೂ ಅಂಟಿಸಿ, ಚೀಲಕ್ಕೆ ಹಾಕಿಕೊಂಡು ಮತ್ತೆ ಐದು ಗಂಟೆ ದಾರಿಯ ಆ ಬಸ್ಸು ಹತ್ತಿದರು. ಆ ಬಾಗಿಲ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಆ ಹೆಸರು ಹಿಡಿದು ಜೋರಾಗಿ ಕೂಗಿದರು: “ಪೋಸ್ಟ್! ಇದಾರಾ?”

ಒಳಗೆ ಕುರ್ಚಿ ಸರಿದ ಸದ್ದಾಯಿತು.

“ಇದಾರೆ, ಇದಾರೆ,” ಎಂದಿತು ಒಳಗಿನಿಂದ ದನಿ, “ಬಂದೆ.”