ಹಲೋ ಎನ್ನದ ದಿನ

ನಾನು ಓದಿದ್ದು ಮೂರನೆಯ ಕ್ಲಾಸಿನವರೆಗೆ. ಐವತ್ತರ ದಶಕದಲ್ಲಿ ಮದುವೆಯಾಗಿ ಸಯನ್‌ನ ಚಾಳಿಗೆ ಬಂದಾಗ ನನಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಸ್ಟೇಷನ್, ಲೋಕಲ್, ಬಿಲ್ಡಿಂಗ್, ಅಷ್ಟೆ. ನನ್ನ ತಮ್ಮ ಮಲಾಡ್‌ನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ, ಅಲ್ಲೇ ಅಟ್ಟದ ಮೇಲೆ ಮಲಗುತ್ತಿದ್ದ.

ಒಂದು ಮಧ್ಯಾಹ್ನ ಕೆಳಗಿನ ಔಷಧದ ಅಂಗಡಿಯವರು ಫೋನ್ ಬಂದಿದೆ ಎಂದು ಕರೆಸಿದರು. ಅಲ್ಲಿಯವರೆಗೆ ನಾನು ಫೋನ್ ಮುಟ್ಟಿದವಳಲ್ಲ. "ಹಲೋ ಬೋಲೋ, ಬಾಯಿ," ಎಂದು ಹಿಂದಿಯಲ್ಲಿ ಹಲೋ ಅನ್ನಲು ಹೇಳಿ ರಿಸೀವರ್ ಕೊಟ್ಟರು. ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು.

"ಹಲೋ, ಅಕ್ಕಾ? ನಂಗೆ ಜ್ವರ ಬಿಡುದಿಲ್ಲ ಮಾರಾಯ್ತಿ. ಎಂಟು ದಿವಸ ನಿನ್ನಲ್ಲಿ ಬಂದು ಮಲಗುದಾ?"

ನಮ್ಮದು ಒಂದೇ ಕೋಣೆ. ಅದರಲ್ಲಿ ನಾವಿಬ್ಬರು, ಅತ್ತೆ, ಇಬ್ಬರು ಮಕ್ಕಳು. ಕೈಗೂಸಿಗೆ ಜ್ವರ ಅಂಟಿದರೆ ಎಂಬ ಭಯ. ಅದಕ್ಕಿಂತ ಹೆಚ್ಚಾಗಿ ಅತ್ತೆಯ ಭಯ.

"ಹಲೋ? ಹಲೋ?" ಎಂದು ಅವನು ಕರೆಯುತ್ತಲೇ ಇದ್ದ. ನಾನು ಮಾತಾಡದೆ ರಿಸೀವರ್ ಇಟ್ಟೆ.

ತಿಂಗಳು ಕಳೆದು ಅವನೇ ಬಂದ. ಅಂಗಿ ಮೈಮೇಲೆ ದೊಗಳೆಯಾಗಿತ್ತು. ಜ್ವರದಲ್ಲಿ ಮಲಗಿದ್ದನ್ನು ಹೇಳುತ್ತ ಅವನು ಫೋನಿನ ಮಾತೆತ್ತಿದಾಗ ನಾನು ಸುಳ್ಳು ಹೇಳಿದೆ.

"ಅಷ್ಟು ಜನರ ಎದುರು ಹಲೋ ಅನ್ನಲಿಕ್ಕೆ ನಾಚಿಕೆ ಆಯ್ತು. ಗಾಬರಿಯಲ್ಲಿ ಇಟ್ಟುಬಿಟ್ಟೆ. ನೀನು ಹೇಳಿದ್ದು ಒಂದೂ ಕೇಳಿಸ್ಲಿಲ್ಲ."

ಅವನು ನಂಬಿ ನಕ್ಕುಬಿಟ್ಟ. ರಾತ್ರಿಶಾಲೆಯಲ್ಲಿ ಅವನಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮಾಸ್ತರರು ಹಲೋ ಎಂಬ ಶಬ್ದದ ಕಥೆ ಹೇಳಿದ್ದರಂತೆ. ಫೋನ್ ಬರುವ ಮೊದಲು ಅದು ಕುಶಲ ಕೇಳುವ ಮಾತಾಗಿರಲಿಲ್ಲವಂತೆ. ದೂರದಲ್ಲಿದ್ದವರ ಗಮನ ಸೆಳೆಯಲು ಹಾಕುವ ಕೂಗು. ಹೊಳೆಯಾಚೆಯ ದೋಣಿಯವನನ್ನು ಕರೆಯುವ ಕೂಗಿನಿಂದ ಬಂತು ಎಂದೂ ಕೆಲವರು ಹೇಳುತ್ತಾರಂತೆ.

"ಊರಲ್ಲಿ ನಾವು ದೋಣಿಗೆ ಕೂ ಹಾಕ್ತಿದ್ದೆವಲ್ಲ ಅಕ್ಕಾ, ಅದೇ. ನಿನ್ನ ಕೂ ಕೇಳಿದ್ರೆ ದೋಣಿಯವ ಊಟ ಬಿಟ್ಟು ಓಡಿ ಬರ್ತಿದ್ದ. ನಿಂಗೆಂಥ ನಾಚಿಕೆ?"

ಅವನು ಲೋಟವನ್ನು ಕಿವಿಗೆ ಹಿಡಿದು ನನ್ನಿಂದ ಮೂರು ಸಲ ಹಲೋ ಹೇಳಿಸಿದ. ನನ್ನ ದೊಡ್ಡ ಮಗಳು ಬಿದ್ದು ಬಿದ್ದು ನಕ್ಕಳು.

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಅಷ್ಟು ಜ್ವರ ಇದ್ದವ ಸೀದಾ ಇಲ್ಲಿಗೆ ಬರುದಲ್ವಾ ಮಗಾ? ನಿಂಗೊಂದು ಚಾಪೆ ಹಾಸ್ಲಿಕ್ಕೆ ಜಾಗ ಇಲ್ವಾ?"

"ಅದನ್ನೇ ಕೇಳುವ ಅಂತ ಫೋನ್ ಮಾಡಿದ್ದು. ಪಾಪ, ಅಕ್ಕನಿಗೆ ಕೇಳಿಸ್ಲೇ ಇಲ್ಲ," ಎಂದ ತಮ್ಮ.

ಎಲ್ಲ ಕೇಳಿಸಿತ್ತು ಎಂದು ಹೇಳಬೇಕಾಗಿದ್ದ ಹೊತ್ತು ಅದು. ನಾನು ತಟ್ಟೆ ಇಟ್ಟು, ಅವನ ಮುಖ ನೋಡದೆ ಅನ್ನ ಬಡಿಸಿದೆ.