ಎಲೆಚೀಲದ ಸಂಚಕಾರ

ನಾಸಿಕ್‌ನಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ಭಾಲ್ಕಿ ಕಡೆಯಿಂದ ಬಂದ ಹೊಸತರಲ್ಲಿ ಅಲ್ಲಿನ ಅಂಬಡ್‌ನ ಕಾರ್ಖಾನೆ ಕಾರ್ಮಿಕರ ಖೋಲಿಗಳಿಗೆ ಸೀರೆಯ ಗಂಟು ಹೊತ್ತುಕೊಂಡು ಹೋಗಿ ಮಾರುತ್ತಿದ್ದೆ. ಈಗ ಛತ್ರಪತಿ ಸಂಭಾಜಿನಗರದಲ್ಲೂ ಒಂದು ಅಂಗಡಿ ಹಾಕಿದ್ದೇನೆ. ವಾರದ ಕೊನೆಗೆ ಅಲ್ಲಿರುತ್ತೇನೆಂದು ತಿಳಿದ ನಮ್ಮ ಕಡೆಯ ಜನ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಮಾತಾಡಲು ಕಲಿಸಿ ಎಂದು ಕೇಳಿಕೊಂಡರು. ಸಂಬಳವಿಲ್ಲದ ಕೆಲಸ. ಜೀವಮಾನವಿಡೀ ಗಿರಾಕಿಗಳನ್ನು ಮಾತಾಡಿಸಿದವಳಿಗೆ ಮಕ್ಕಳೇನು ಕಷ್ಟ ಎಂದು ಒಪ್ಪಿಕೊಂಡೆ.

ಮೊದಲ ದಿನವೇ ಗೊತ್ತಾಯಿತು. ನನಗೆ ಈ ಊರು ಪರನಾಡು. ಇಲ್ಲೇ ಹುಟ್ಟಿದ ಆ ಮಕ್ಕಳಿಗೆ ನನ್ನ ಊರೇ ಪರನಾಡು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಅಂಗಡಿಯ ಬುದ್ಧಿ ಓಡಿಸಿ, ಒಂದು ಕನ್ನಡ ವಾಕ್ಯಕ್ಕೆ ಒಂದು ಪೆಪ್ಪರಮೆಂಟು ಎಂದೆ. ಎಲ್ಲರೂ ಸಾಲಾಗಿ ಬಂದು "ನನಗ ಹಸಿವಿ ಆಗ್ಯದ" ಎಂದು ಅದೇ ವಾಕ್ಯ ಹೇಳಿ ಕೈಚಾಚಿದರು. ಒಬ್ಬನಂತೂ, "ಕಾಕು, ನಾ ಜೋರ್ ಹೇಳೀನಿ, ನನಗ ಎರಡು ಬರ್ತಾವ" ಎಂದು ಜಗಳಕ್ಕೇ ನಿಂತ. ಡಬ್ಬಿ ಖಾಲಿಯಾಯಿತು. ಮಕ್ಕಳಿಗೆ ಕಲಿಸಲು ಹೋಗುವವರಿಗೆ ಹೇಳುತ್ತೇನೆ, ಕೈಯಲ್ಲಿ ಸಿಹಿ ಹಿಡಿದು ಹೋಗಬೇಡಿ. ಅವರು ಡಬ್ಬಿ ನೋಡುತ್ತಾರೆ, ನಿಮ್ಮ ಮುಖ ನೋಡುವುದಿಲ್ಲ.

ಆದರೆ ಒಂದು ಗಮನಿಸಿದ್ದೆ: ಎರಡು ಬೇಕೆಂದು ಚೌಕಾಸಿ ಮಾಡುವಾಗ ಆ ಹುಡುಗ ಕನ್ನಡವನ್ನೇ ಆಡಿದ್ದ. ಮುಂದಿನ ವಾರ ಕತ್ತರಿಸಿ ಉಳಿದ ಬಟ್ಟೆ, ರವಿಕೆಯ ಖಣ ಒಯ್ದು ನೆಲದ ಮೇಲೆ ಅಂಗಡಿ ಹಾಕಿಸಿದೆ. ಹುಣಸೆ ಬೀಜವೇ ರೊಕ್ಕ, ಕನ್ನಡದಲ್ಲೇ ವ್ಯಾಪಾರ. ಸಂಚಕಾರದ ಪದ್ಧತಿಯನ್ನೂ ಕಲಿಸಿದೆ: ಗಿರಾಕಿ "ನಾಳಿ ಬರ್ತೀನಿ" ಎಂದರೆ ಬರಿಗೈಲಿ ಕಳಿಸಬಾರದು, ಏನಾದರೂ ಮುಂಗಡ ಇಡಿಸಿಕೊಳ್ಳಬೇಕು, ಇಟ್ಟವಳು ತಿರುಗಿ ಬಂದೇ ಬರುತ್ತಾಳೆ.

ಎಲ್ಲರೂ ಕೂಗಿ ಕೂಗಿ ವ್ಯಾಪಾರ ಮಾಡಿದರು, ಬಾಗಿಲ ಪಕ್ಕ ಕೂತ ಒಬ್ಬ ಹುಡುಗಿಯ ಹೊರತು. ಕರೆದೊಯ್ಯಲು ಬಂದ ಅವಳ ತಾಯಿ ಹೇಳಿದಳು: ಆಳಂದದ ಕಡೆಯಿಂದ ಅತ್ತೆ ತಮ್ಮ ಜೊತೆ ಇರಲೆಂದೇ ಬಂದಿದ್ದಾರೆ, ಮೊಮ್ಮಗಳು ಅವರೆದುರು ಬಾಯಿ ಬಿಡುವುದಿಲ್ಲ, ಬೇಸತ್ತು, ಬರುವ ಭಾನುವಾರ ಕಳೆದ ಮೇಲಿನ ಮಂಗಳವಾರ ಊರಿಗೆ ಹೊರಟಿದ್ದಾರೆ. ಹುಡುಗಿಯನ್ನು ಕೇಳಿದೆ. ನಾನು ಮಾತಾಡಿದರೆ ಅಜ್ಜಿ ನಗುತ್ತಾಳೆ, ಆದರೂ ಅವಳು ಹೋಗಬಾರದು ಎಂದಳು, ಮರಾಠಿಯಲ್ಲಿ.

ಆ ಮಂಗಳವಾರಕ್ಕೆ ಮೊದಲಿನ ಭಾನುವಾರ ಅಜ್ಜಿಯನ್ನೂ ಕರೆಸಿದೆ. ನಗಬೇಡಿ ಎಂದು ಮೊದಲೇ ಕಿವಿಯಲ್ಲಿ ಹೇಳಿ, ಹಸಿರು ಖಣ ಹಿಡಿದು ಕೂತ ಹುಡುಗಿಯ ಮುಂದೆ ಗಿರಾಕಿಯಾಗಿ ಕೂರಿಸಿದೆ.

"ಎಷ್ಟವ್ವಾ ಇದು?"

ಹುಡುಗಿ ಕೈಬೆರಳು ತೋರಿಸಿದಳು.

"ಬೆರಳು ತೋರಿಸಿದ್ರ ನನಗ ಕಾಣಂಗಿಲ್ಲ. ಬಾಯಿಲೆ ಹೇಳು."

"ಹತ್ತು... ಬೀಜ."

"ಬಣ್ಣ ಹೋಗೋ ಅರಿವಿಗಿ ಹತ್ತಾ? ಐದು ಕೊಡ್ತೀನಿ ನೋಡು."

ತನ್ನ ಮಾಲನ್ನು ಹಳಿದದ್ದು ಹುಡುಗಿಗೆ ತಾಗಿತು. "ಬಣ್ಣ ಹೋಗಂಗಿಲ್ಲ! ಬಘಾ, ಅಂಚು ಬಘಾ! ಐದಕ್ಕ ನನಗ ಪರವಡಸಂಗಿಲ್ಲ!"

ನೋಡು, ಗಿಟ್ಟುವುದಿಲ್ಲ ಎನ್ನುವಲ್ಲಿ ಮರಾಠಿ ನುಸುಳಿದ್ದಕ್ಕೆ ಮಕ್ಕಳು ಗೊಳ್ಳೆಂದು ನಕ್ಕರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರತ್ತ ತಿರುಗಿದಳು. "ಯಾಕ್ರೋ ಹಲ್ಲು ಕಿಸೀತೀರಿ? ನಮ್ಮ ಯಾಪಾರ ನಡದದ ಇಲ್ಲಿ."

ಹುಡುಗಿ ಎಂಟಕ್ಕೆ ಇಳಿದಳು, ಅಜ್ಜಿ ಆರಕ್ಕೆ ಏರಿದಳು. ಅಲ್ಲಿಗೆ ನಿಂತಿತು. ಅಜ್ಜಿ ಮೊಣಕಾಲು ಹಿಡಿದು ಎದ್ದಳು. "ಒಗ್ಗಲಿಲ್ಲ ಬಿಡು. ನಾಳಿ ಬರ್ತೀನಿ."

ಹುಡುಗಿ ಅವಳ ಸೀರೆ ಹಿಡಿದಳು. "ಹಂಗ ಹೋಗಂಗಿಲ್ಲ. ಸಂಚಕಾರ ಇಡ್ರಿ."

"ತಗೋ, ಎರಡು ಬೀಜ."

"ಬೀಜ ಬ್ಯಾಡ. ಅದು." ಅಜ್ಜಿಯ ಸೊಂಟದಲ್ಲಿ ಸಿಕ್ಕಿಸಿದ್ದ ಎಲೆ-ಅಡಿಕೆಯ ಚೀಲ ತೋರಿಸಿದಳು.

"ಅಯ್ಯ ಇಕೀನ! ಅದಿಲ್ಲಂದ್ರ ನನಗ ತಾಸು ಹೋಗಂಗಿಲ್ಲ!"

"ಅದಕ್ಕೇ ಅದೇ ಇಡ್ರಿ."

ಅಜ್ಜಿ ನನ್ನ ಮುಖ ನೋಡಿದಳು. ವ್ಯಾಪಾರವೆಂದರೆ ವ್ಯಾಪಾರ, ನಾನೇನು ಮಾಡಲಿ ಎಂದೆ. ಚೀಲ ಬಿಚ್ಚಿ ಕೊಟ್ಟಳು.

ಮರುವಾರ ಇಬ್ಬರೂ ಒಟ್ಟಿಗೆ ಬಂದರು. ಚೀಲ ಇನ್ನೂ ಹುಡುಗಿಯ ಕೊರಳಲ್ಲೇ ನೇತಾಡುತ್ತಿತ್ತು. ಒಂದು ಎಲೆ ಬೇಕಾದರೂ ಅಜ್ಜಿ ಮೊಮ್ಮಗಳನ್ನೇ ಕೇಳಬೇಕಂತೆ. ಬೆಳಿಗ್ಗೆಯಿಂದ ಎಷ್ಟು ತಿಂದಿರಿ ಎಂದು ಕನ್ನಡದಲ್ಲೇ ವಿಚಾರಿಸಿ ಹುಡುಗಿ ಕೊಡುವುದಂತೆ. ಊರಿಗೆ ಹೋಗುವ ಟಿಕೀಟು ಏನಾಯಿತೆಂದು ಅಜ್ಜಿಯನ್ನು ಕೇಳಿದೆ.

"ಸಂಚಕಾರ ಬಿಡಿಸ್ಕೊಳ್ದೆ ಹೆಂಗ ಹೋಗ್ಲಿ? ಮಗ ಟಿಕೀಟು ತಿರುಗಿ ಕೊಟ್ಟು ಬಂದ" ಎಂದು ಅಜ್ಜಿ ಖಣದ ಮುಂದೆ ಕೂತಳು. ಆರರಿಂದ ಏಳು ಬೀಜಕ್ಕೆ ಏರಿದಳು. ಹುಡುಗಿ ಎಂಟರಿಂದ ಕೆಳಗೆ ಬರಲಿಲ್ಲ. ಎರಡು ಮಾತಿನಲ್ಲಿ ಕುದುರಿಸಬಹುದಿತ್ತು. ನಾನು ನಡುವೆ ಬಾಯಿ ಹಾಕಲಿಲ್ಲ.